ತಡವಾಗಿ ಬರೆದ ವಿಮರ್ಶೆ

ಕಳೆದ ಸಂಕ್ರಾಂತಿಗೆ ನಮ್ಮೂರು ಸಾಗರದ ಒಂದು ಮಹಿಳಾ ಮಂಡಳಿಯವರು ಕೈಯಿಂದಲೇ ತಯಾರಿಸಿದ ಗ್ರೀಟಿಂಗ್ ಕಾರ್ಡುಗಳ ಸ್ಪರ್ಧೆ ಇಟ್ಟುಕೊಂಡು, ತೀರ್ಪು ಕೊಡಲು ನನ್ನನ್ನು ಕರೆದಿದ್ದರು. ಕನ್ನಡ ಪಾಠ ಹೇಳುವವಳಿಗೂ ಕತ್ತರಿ-ಗೋಂದಿಗೂ ಏನು ನಂಟು ಎಂದು ಹಿಂದೇಟು ಹಾಕಿದೆ. "ಇಷ್ಟು ವರ್ಷ ಮಾರ್ಕ್ಸ್ ಹಾಕಿದ್ದೀರಲ್ಲ ಟೀಚರ್, ನಿಮಗಿದೇನು ಮಹಾ?" ಎಂದು ಅಧ್ಯಕ್ಷೆ ನಕ್ಕರು. ಮಾರ್ಕ್ಸ್ ಹಾಕಲು ಬಂದರೆ ಸಾಕು, ಲೋಕದಲ್ಲಿ ಯಾವುದನ್ನು ಬೇಕಾದರೂ ಅಳೆಯಬಹುದು ಎಂದು ಜನ ನಂಬಿರುತ್ತಾರೆ. ನಾನೂ ಬಹಳ ಕಾಲ ಹಾಗೆಯೇ ನಂಬಿದ್ದೆ. ಹೋದೆ.

ಎರಡು ಉದ್ದ ಬೆಂಚುಗಳ ಮೇಲೆ 34 ಕಾರ್ಡುಗಳನ್ನು ಜೋಡಿಸಿಟ್ಟಿದ್ದರು. ಮೊದಲ ನೋಟಕ್ಕೆ ಕಣ್ಣು ತುಂಬಿತು ಎನ್ನಿ. ಮುಕ್ಕಾಲು ಪಾಲು ಕ್ವಿಲ್ಲಿಂಗ್. ಸಣ್ಣ ಸಣ್ಣ ಬಣ್ಣದ ಕಾಗದದ ಪಟ್ಟಿಗಳನ್ನು ಸುರುಳಿ ಸುತ್ತಿ, ಹಿಂಡಿ, ಹೂವು ಎಲೆ ನವಿಲು ಮಾಡಿ ಅಂಟಿಸುವ ಕಲೆ ಅದು. ಹಿಂದೆ ಯುರೋಪಿನಲ್ಲಿ ಹಕ್ಕಿಯ ಗರಿಯ ದಂಟಿಗೆ ಸುತ್ತುತ್ತಿದ್ದುದರಿಂದ ಆ ಹೆಸರು ಬಂತು. ಈಗ ಪಟ್ಟಿಗಳೂ ಸುತ್ತುವ ಕಡ್ಡಿಯೂ ಅಂಗಡಿಯಲ್ಲಿ ಒಂದೇ ಪೊಟ್ಟಣದಲ್ಲಿ ಸಿಗುತ್ತವೆ, ಮಾಡುವ ಕ್ರಮ ಮೊಬೈಲಿನಲ್ಲಿ ಸಿಗುತ್ತದೆ. ಹಾಗಾಗಿ ಒಂಬತ್ತು ಕಾರ್ಡುಗಳಲ್ಲಿ ಒಂದೇ ನವಿಲು ಒಂದೇ ಕಡೆಗೆ ಕತ್ತು ತಿರುಗಿಸಿ ನಿಂತಿತ್ತು.

ಅಂದಕ್ಕೆ 10, ಅಚ್ಚುಕಟ್ಟಿಗೆ 10, ಹೊಸತನಕ್ಕೆ 10 ಎಂದು ಅಂಕದ ಪಟ್ಟಿ ಕೊಟ್ಟಿದ್ದರು. ನಾನು ಅಂಕ ಹಾಕುತ್ತಾ ಒಂದು ಕಾರ್ಡನ್ನು ಬಿಡಿಸಿ ನೋಡಿದೆ. ಒಳಗೆ ಖಾಲಿ. ಪಕ್ಕದಲ್ಲೇ ನಿಂತಿದ್ದ ಹುಡುಗಿಯನ್ನು, "ಇದು ಯಾರಿಗೆ ಮಾಡಿದ್ದಮ್ಮಾ?" ಎಂದು ಕೇಳಿದೆ. ಅವಳು ಗಲಿಬಿಲಿಯಾದಳು. "ಯಾರಿಗೂ ಅಲ್ಲ ಟೀಚರ್, ಸ್ಪರ್ಧೆಗೆ" ಅಂದಳು.

ತಪ್ಪು ಅವಳದಲ್ಲ. ಆದರೆ ಅಲ್ಲಿಂದ ಮುಂದೆ ನನಗೆ ಅಂಕ ಹಾಕುವುದೇ ಕಷ್ಟವಾಯಿತು. ಯಾರಿಗೂ ಅಲ್ಲದ ಶುಭಾಶಯ ಪತ್ರ ಎಂದರೆ ವಿಳಾಸವಿಲ್ಲದ ಕಾಗದದ ಹಾಗೆ. ಅಕ್ಷರ ಎಷ್ಟು ದುಂಡಗಿದ್ದರೂ ಅಂಚೆಯವನು ಅದನ್ನು ಎಲ್ಲಿಗೆ ತಲುಪಿಸಬೇಕು?

ಕೈಯಿಂದ ಮಾಡಿದ್ದು ಎಂದ ಕೂಡಲೇ ಅದಕ್ಕೊಂದು ಮಡಿ ಬಂದುಬಿಡುತ್ತದೆ. ಅಂಗಡಿಯದು ಎಂದರೆ ಮೈಲಿಗೆ. ನಾನು ಈ ಮಾತನ್ನು ಒಪ್ಪುವುದಿಲ್ಲ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬಾತ ಕ್ರಿಸ್‌ಮಸ್ಸಿಗೆ ಎಲ್ಲರಿಗೂ ಪತ್ರ ಬರೆಯಲು ಪುರುಸೊತ್ತಿಲ್ಲದೆ, ಹಾರ್ಸ್ಲೀ ಎಂಬ ಕಲಾವಿದನಿಂದ ಚಿತ್ರ ಬರೆಸಿ ಅಚ್ಚು ಹಾಕಿಸಿದ. ಒಂದು ಶಿಲ್ಲಿಂಗಿಗೆ ಒಂದರಂತೆ ಅದನ್ನು ಮಾರಾಟಕ್ಕೂ ಇಟ್ಟರು. ಕ್ರಿಸ್‌ಮಸ್ ಕಾರ್ಡಿನ ಅಚ್ಚಿನ ಚರಿತ್ರೆ ಶುರುವಾದದ್ದೇ ಪುರುಸೊತ್ತಿಲ್ಲದವನಿಂದ. ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. 1949ರಲ್ಲಿ, ಯುದ್ಧ ಮುಗಿದ ಚೆಕೊಸ್ಲೊವಾಕಿಯಾದಲ್ಲಿ ಜಿತ್ಕಾ ಸಾಮ್ಕೋವಾ ಎಂಬ ಏಳು ವರ್ಷದ ಹುಡುಗಿ, ತನ್ನ ಹಳ್ಳಿಗೆ ಯುನಿಸೆಫ್‌ನಿಂದ ಬಂದ ನೆರವಿಗೆ ಕೃತಜ್ಞತೆ ಹೇಳಲು ಒಂದು ಚಿತ್ರ ಬರೆದಳು. ಕಾಗದ ಸಿಗಲಿಲ್ಲವೆಂದು ಗಾಜಿನ ಮೇಲೆ ಬರೆದಳು. ಯುನಿಸೆಫ್‌ನ ಮೊಟ್ಟಮೊದಲ ಕಾರ್ಡು ಆದದ್ದು ಆ ಚಿತ್ರ. ಅದು ಎಷ್ಟು ಸಾವಿರ ಪ್ರತಿ ಅಚ್ಚಾಗಿ ಎಲ್ಲೆಲ್ಲಿ ಹೋಯಿತೋ, ಆದರೆ ಬರೆಯುವಾಗ ಆ ಮಗುವಿನ ಮನಸ್ಸಿನಲ್ಲಿ ಇದು ಯಾರಿಗೆ ಎಂಬುದು ಸ್ಪಷ್ಟವಾಗಿತ್ತು. ಅಚ್ಚಿನದು, ಕೈಯದು ಎಂಬ ಭೇದಕ್ಕಿಂತ ಇದು ದೊಡ್ಡ ಭೇದ ಎಂದು ನನ್ನ ಎಣಿಕೆ.

ಅಂದು ಮನೆಗೆ ಬಂದವಳೇ ಅಟ್ಟದಿಂದ ನನ್ನ ಬಿಸ್ಕತ್ತಿನ ಡಬ್ಬಿ ಇಳಿಸಿದೆ. ಮಲೆನಾಡಿನಲ್ಲಿ ಕಾಗದ ಉಳಿಸಿಕೊಳ್ಳುವುದೆಂದರೆ ಮಗು ಸಾಕಿದ ಹಾಗೆ. ಮೂರು ತಿಂಗಳ ಮಳೆಗೆ ಬೂಷ್ಟು ಹಿಡಿಯುತ್ತದೆ, ಅನ್ನದ ಅಗುಳಿನಿಂದ ಅಂಟಿಸಿದ್ದರೆ ಹುಳ ಬರುತ್ತದೆ. ನುಸಿಗುಳಿಗೆ ಹಾಕಿ ಮುಚ್ಚಳ ಬಿಗಿದಿಟ್ಟದ್ದರಿಂದ ನಲವತ್ತು ವರ್ಷದ ಕಾರ್ಡುಗಳಲ್ಲಿ ಒಂದಿಷ್ಟು ಬದುಕಿವೆ.

ನಾನು ಬೆಳೆದದ್ದು ದಾವಣಗೆರೆಯಲ್ಲಿ. 1985ರ ಸುಮಾರಿಗೆ ಸಂಕ್ರಾಂತಿ ಹದಿನೈದು ದಿನ ಇದೆ ಎನ್ನುವಾಗಲೇ ಅಂಗಡಿಗಳ ಮುಂದೆ ದಾರ ಕಟ್ಟಿ ಕಾರ್ಡು ತೂಗುಹಾಕುತ್ತಿದ್ದರು. ಗುಲಾಬಿ, ಬೆಕ್ಕಿನಮರಿ, ಸಿನಿಮಾ ನಟರು, ಎಳ್ಳು ಬೆಲ್ಲದ ತಟ್ಟೆ. ನಮ್ಮ ಕೈಯಲ್ಲಿ ಕಾಸಿರುತ್ತಿರಲಿಲ್ಲ. ಹಾಗಾಗಿ ನಾವೇ ಮಾಡಿಕೊಳ್ಳುತ್ತಿದ್ದೆವು. ಕೈಕೆಲಸದ ಮೇಲಿನ ಪ್ರೀತಿಯಿಂದ ಏನಲ್ಲ. ನೀವೂ ಮಾಡಿರುತ್ತೀರಿ. ಡ್ರಾಯಿಂಗ್ ಶೀಟಿನ ಮೇಲೆ ಎಲೆ ಇಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ, ಬಾಚಣಿಗೆಯ ಮೇಲೆ ತಿಕ್ಕಿದರೆ ತುಂತುರು ಬಿದ್ದು ಎಲೆಯ ಆಕಾರ ಬಿಳಿಯಾಗಿ ಉಳಿಯುತ್ತಿತ್ತು. ಬೆಂಡೆಕಾಯಿ ಅಡ್ಡ ಕೊಯ್ದು ಅಚ್ಚು ಒತ್ತಿದರೆ ಹೂವು. ದಾರವನ್ನು ಶಾಯಿಯಲ್ಲಿ ನೆನೆಸಿ, ಮಡಿಚಿದ ಹಾಳೆಯ ನಡುವೆ ಇಟ್ಟು ಸರ್ರನೆ ಎಳೆದರೆ ಯಾವ ಗಿಡದಲ್ಲೂ ಬಿಡದ ಹೂವು. ಅರಳಿ ಎಲೆಯನ್ನು ವಾರಗಟ್ಟಲೆ ನೀರಲ್ಲಿ ಕೊಳೆಯಿಸಿ ನರದ ಬಲೆ ಮಾತ್ರ ಉಳಿಸುತ್ತಿದ್ದೆವು. ಆ ವಾಸನೆಗೆ ನಮ್ಮಮ್ಮ ಬಕೆಟ್ಟನ್ನೇ ಎಸೆದದ್ದಿದೆ.

ಕವರಿನ ಬಾಯಿಗೆ ಗೋಂದು ಹಚ್ಚದೆ ಒಳಕ್ಕೆ ಮಡಚಿ, ಮೇಲೆ 'ಬುಕ್ ಪೋಸ್ಟ್' ಎಂದು ಬರೆದರೆ ಅಂಚೆ ಖರ್ಚು ಕಡಿಮೆಯಾಗುತ್ತಿತ್ತು. ಆದರೆ ಹಾಗೆ ಕಳಿಸುವಾಗ ಒಳಗೆ ಪತ್ರ ಬರೆಯುವಂತಿರಲಿಲ್ಲ. ಹೆಸರು, ಶುಭಾಶಯ, ಅಷ್ಟೇ. ಕೆಲವು ಪೈಸೆ ಉಳಿಸಲು ಹೋಗಿ ನಮ್ಮ ತಲೆಮಾರಿನವರು ಕಾರ್ಡಿನ ಒಳಗೆ ಏನೂ ಬರೆಯದಿರುವುದನ್ನು ಅಭ್ಯಾಸ ಮಾಡಿಕೊಂಡೆವೋ ಏನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಡಬ್ಬಿಯಲ್ಲಿ ಹೆಚ್ಚಿನವು ನನ್ನ ಅಕ್ಕನವು. ಮದುವೆಯಾಗಿ ದಾವಣಗೆರೆಯಲ್ಲೇ ಉಳಿದವಳು ಅವಳು. 1996ರಲ್ಲಿ ನನಗೆ ಸಾಗರದ ಹತ್ತಿರದ ಹಳ್ಳಿಯ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿ ಈ ಕಡೆ ಬಂದ ಮೇಲೆ, ಪ್ರತಿ ಸಂಕ್ರಾಂತಿಗೂ ಒಂದು ಕಾರ್ಡು ಕಳಿಸುತ್ತಿದ್ದಳು. ಅವಳ ಕಚ್ಚಾ ಸಾಮಗ್ರಿ ಲಗ್ನಪತ್ರಿಕೆ. ಮನೆಗೆ ಬಂದ ಲಗ್ನಪತ್ರಿಕೆಗಳನ್ನು ಎಸೆಯದೆ ಇಟ್ಟು, ಗಣಪತಿ, ಕಳಶ, ಬಾಳೆಕಂಬಗಳನ್ನು ಕತ್ತರಿಸಿ ಅಂಟಿಸುತ್ತಿದ್ದಳು. ಕತ್ತರಿ ನೆಟ್ಟಗೆ ಹೋದದ್ದೇ ಇಲ್ಲ. ಒಂದು ಗಣಪತಿಗೆ ಸೊಂಡಿಲಿನ ತುದಿ ಇಲ್ಲ, ಇನ್ನೊಂದರಲ್ಲಿ ಇಲಿಯೇ ಮಾಯ. ಅಚ್ಚುಕಟ್ಟಿಗೆ ಹತ್ತರಲ್ಲಿ ಎರಡು ಕೊಟ್ಟರೆ ಹೆಚ್ಚು. ಆದರೆ ತಿರುಗಿಸಿ ಹಿಂಬದಿ ಓದಬೇಕು. 1997ರ ಕಾರ್ಡಿನ ಹಿಂಬದಿಯಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆಯ ಮುಹೂರ್ತವಿದೆ, ಮೂಲೆಯಲ್ಲಿ ಹಚ್ಚಿದ ಅರಿಶಿನದ ಕಲೆಯೂ ಇದೆ. ಆ ಮದುವೆಯಲ್ಲಿ ಹುಳಿ ಕಡಿಮೆಯಾಗಿ ಅಡುಗೆಯವರು ಬಿಸಿನೀರು ಸುರಿದದ್ದು, ಬೀಗರು ಅದನ್ನೇ ತಿಳಿಸಾರು ಎಂದುಕೊಂಡು ಎರಡು ಸಲ ಹಾಕಿಸಿಕೊಂಡದ್ದು, ನಾವಿಬ್ಬರೂ ಕಂಬದ ಹಿಂದೆ ನಿಂತು ಸೆರಗು ಬಾಯಿಗೆ ತುರುಕಿಕೊಂಡು ನಕ್ಕದ್ದು, ಇದೆಲ್ಲ ಆ ಅರ್ಧ ಸಾಲಿನಲ್ಲಿದೆ. ಅಕ್ಕ ಅದನ್ನು ಬೇಕೆಂದೇ ಆರಿಸಿದ್ದಳು. ಈ ಭೂಮಿಯ ಮೇಲೆ ಆ ಕಾರ್ಡಿಗೆ ಇದ್ದ ಓದುಗಳು ಒಬ್ಬಳೇ.

ನಾನು ಅವಳಿಗೆ ಕಳಿಸಿದ್ದರ ಕಥೆಯನ್ನೂ ಹೇಳಿಬಿಡುತ್ತೇನೆ. ಇಲ್ಲಿ ರಸ್ತೆಯ ದರೆಯ ಮೇಲೆ ಒಂದು ಜಾತಿಯ ಜರಿಗಿಡ ಬೆಳೆಯುತ್ತದೆ. ಎಲೆಯ ಕೆಳಭಾಗದಲ್ಲಿ ಬಿಳಿ ಹುಡಿ. ಮಕ್ಕಳು ಅದನ್ನು ಕೈಮೇಲೆ ಇಟ್ಟು ಪಟ್ಟೆಂದು ಹೊಡೆದರೆ ಬೆಳ್ಳಿಯ ಅಚ್ಚು ಮೂಡುತ್ತದೆ. ಬಯಲುಸೀಮೆಯವಳಿಗೆ ಇದೊಂದು ಪವಾಡ. ಕಪ್ಪು ಕಾಗದದ ಮೇಲೆ ಒತ್ತಿ, ಹಿಗ್ಗಿ, ಅಕ್ಕನಿಗೆ ಕಳಿಸಿದೆ. "ಕಪ್ಪು ಕಾಗದ, ಒಂದು ಚಿಟಿಕೆ ಸುಣ್ಣ ಬಂದು ತಲುಪಿತು. ವೀಳ್ಯದೆಲೆ ಯಾವಾಗ?" ಎಂದು ಅವಳು ಉತ್ತರ ಬರೆದಳು.

ಕೆಲಸದ ಗುಣದ ಮಾತೂ ಬೇಕು, ಇಲ್ಲವೆಂದರೆ ವಿಮರ್ಶೆ ಬರೀ ಭಾವುಕತೆಯಾಗುತ್ತದೆ. ಸ್ಪರ್ಧೆಯ ಕಾರ್ಡುಗಳಲ್ಲಿ ಅರ್ಧಕ್ಕರ್ಧ ಮಡಿಕೆಯಲ್ಲಿ ಬಿರಿದಿದ್ದವು. ಮಿಲ್ಲಿನ ಕಾಗದಕ್ಕೂ ಬಟ್ಟೆಯ ಹಾಗೆ ಎಳೆಯ ದಿಕ್ಕಿದೆ ಎಂದು ನನಗೆ ತೋರಿಸಿಕೊಟ್ಟವರು ಪೇಟೆಯ ಒಬ್ಬ ಬೈಂಡಿಂಗ್ ಕೆಲಸದವರು. ಯಂತ್ರದಲ್ಲಿ ತಿರುಳು ಓಡುವ ಕಡೆಗೇ ನಾರುಗಳು ಮಲಗುತ್ತವೆ. ಹಾಳೆಯನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಮೆಲ್ಲಗೆ ಬಗ್ಗಿಸಿ ನೋಡಿ, ಒಂದು ಕಡೆ ಸುಲಭವಾಗಿ ಬಾಗುತ್ತದೆ, ಇನ್ನೊಂದು ಕಡೆ ಹಠ ಮಾಡುತ್ತದೆ. ಸುಲಭವಾಗಿ ಬಾಗುವ ಕಡೆಗೇ ಮಡಿಚಬೇಕು. ಮಡಿಚುವ ಮೊದಲು ಶಾಯಿ ಮುಗಿದ ರೀಫಿಲ್ಲಿನಿಂದ ಸ್ಕೇಲು ಹಿಡಿದು ಒಂದು ಗೆರೆ ಒತ್ತಬೇಕು. ಅಂಟಿಗೆ ಮೈದಾ ಕುದಿಸುವುದಾದರೆ ಬೈಂಡರುಗಳು ಚೂರು ಮೈಲುತುತ್ತ ಹಾಕುತ್ತಾರೆ, ಹುಳ ಬರುವುದಿಲ್ಲ. ಅದು ವಿಷ, ಮಕ್ಕಳ ಕೈಗೆ ಕೊಡಬಾರದು. ಕೈಕಾಗದವಾದರೆ ಈ ದಿಕ್ಕಿನ ಗೋಜಿಲ್ಲ, ಎತ್ತ ಮಡಿಚಿದರೂ ಒಂದೇ.

ಮೊದಲ ಬಹುಮಾನ ಪಡೆದದ್ದು ಹಸೆ ಚಿತ್ತಾರದ ಕಾರ್ಡು. ಅಂಕವೂ ನನ್ನದೇ. ಕೆಂಪು ಹಾಳೆಯ ಮೇಲೆ ಬಿಳಿ ಪೆನ್ನಿನಿಂದ ಕೂದಲೆಳೆಯಂಥ ಗೆರೆಗಳು, ಒಂದೂ ತಪ್ಪಿಲ್ಲ. ಆದರೂ ಮನಸ್ಸಿಗೆ ಪೂರ್ತಿ ಒಗ್ಗಲಿಲ್ಲ. ಈ ಸೀಮೆಯ ದೀವರ ಮನೆಗಳಲ್ಲಿ ಮದುವೆಗೆಂದು ಹೆಂಗಸರು ಈ ಚಿತ್ತಾರವನ್ನು ಗೋಡೆಯ ಮೇಲೆ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಹುರಿದು ಕರಿದಾದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಮದುಮಕ್ಕಳು ಅದರ ಮುಂದೆ ಹಸೆಯ ಮೇಲೆ ಕೂರುತ್ತಾರೆ. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಚರಗ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಅದೇ ಗೆರೆಗಳು. ಇಂಥ ಮನೆಗೆ, ಇಂಥ ಮದುವೆಗೆ, ಇಂಥ ಹೊಲಕ್ಕೆ ಎಂದು ಬರೆದದ್ದು ಅದು. ಕಾರ್ಡಿನ ಮೇಲೆ ಬಂದಾಗ ಗೆರೆ ಉಳಿಯಿತು, ಮನೆ ಬಿಟ್ಟುಹೋಯಿತು. ಹಾಗೆಂದು ಕಾರ್ಡಿಗೆ ಬರೆಯಲೇಬಾರದು ಎನ್ನಲು ನಾನು ಯಾರು? ಅದನ್ನು ಮಾರಿ ನಾಲ್ಕು ಕಾಸು ಕಂಡ ಹೆಣ್ಣುಮಕ್ಕಳಿದ್ದಾರೆ. ಅವರ ಎದುರು ಈ ಮಾತು ಹೇಳಲು ನನಗೆ ಬಾಯಿ ಬರುವುದಿಲ್ಲ.

ಈ ಚಿತ್ತಾರ ನೋಡಿದಾಗಲೇ ನನಗೆ ಆ ಇನ್ನೊಂದು ಕಾರ್ಡು ನೆನಪಾದದ್ದು. ಅದು ನನ್ನ ಡಬ್ಬಿಯಲ್ಲಿ ಇಲ್ಲ.

1998ರ ಸೆಪ್ಟೆಂಬರ್ 5. ಶಿಕ್ಷಕರ ದಿನಾಚರಣೆ ಮುಗಿದು, ಮಕ್ಕಳು ಮಳೆಯಲ್ಲಿ ಓಡುತ್ತಿದ್ದಾಗ, ಎಂಟನೇ ತರಗತಿಯ ಒಬ್ಬ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ. ಮಾತಾಡುವ ಹುಡುಗನಲ್ಲ. ಅಂಗಿಯೊಳಗಿಂದ ಒಂದು ಕಾರ್ಡು ತೆಗೆದು ಮೇಜಿನ ಮೇಲಿಟ್ಟು ಹಿಂದೆ ಸರಿದ. ನಾನು ಆಗ ಕೆಲಸಕ್ಕೆ ಸೇರಿ ಎರಡು ವರ್ಷದವಳು, ನೋಟ್‌ಬುಕ್ ತಿದ್ದುತ್ತಾ ಕೂತಿದ್ದೆ. ಕೈಯಲ್ಲಿ ಕೆಂಪು ಪೆನ್ನು. ಕಾರ್ಡು ಬಿಡಿಸಿದೆ. ಒಳಗೆ 'ಶುಭಾಷಯಗಳು' ಎಂದಿತ್ತು.

ಕನ್ನಡ ಟೀಚರುಗಳಿಗೆ ಈ 'ಷ' ಕಣ್ಣಿಗೆ ಬಿದ್ದ ಕಸ. ಗೋಡೆಯ ಮೇಲೆ, ಬಸ್ಸಿನ ಮೇಲೆ, ಮದುವೆ ಮಂಟಪದ ಬಾಗಿಲಲ್ಲಿ ಎಲ್ಲೆಲ್ಲೂ ಇದೇ ತಪ್ಪು. ಹುಡುಗನನ್ನು ಹತ್ತಿರ ಕರೆದು, 'ಷ'ಕ್ಕೆ ಸುತ್ತ ಸೊನ್ನೆ ಹಾಕಿ, "ಶುಭ ಪ್ಲಸ್ ಆಶಯ, ಏನಾಯಿತು?" ಎಂದೆ. "ಸವರ್ಣದೀರ್ಘ ಸಂಧಿ" ಎಂದ. "ಮತ್ತೆ ಈ ಷ ಎಲ್ಲಿಂದ ಬಂತು?" ಎಂದೆ. ಅದರ ಕೆಳಗಿನ ಸಾಲಿನಲ್ಲಿ 'ಬರ್ತೀರಿ' ಎಂದಿತ್ತು, ಅದನ್ನೂ 'ಬರುತ್ತೀರಿ' ಎಂದು ತಿದ್ದಿದೆ. ಹತ್ತು ಸಲ ಬರೆದುಕೊಂಡು ಬಾ ಎಂದು ಕಾರ್ಡನ್ನು ಅವನ ಕೈಗೇ ವಾಪಸು ಕೊಟ್ಟೆ.

ಮುಂದಿನ ಕನ್ನಡ ಪೀರಿಯಡ್ಡಿಗೆ ಹತ್ತು ಸಲ ಬರೆದುಕೊಂಡು ಬಂದ. ಹತ್ತೂ ಸರಿಯಾಗಿತ್ತು. ಕಾರ್ಡು ತರಲಿಲ್ಲ. ನಾನೂ ಕೇಳಲಿಲ್ಲ.

ಅಂದು ನಾನು ಮಾಡಬೇಕಿದ್ದ ವಿಮರ್ಶೆಯನ್ನು ಇಲ್ಲಿ ಮಾಡುತ್ತೇನೆ. ಅದು ಹಳೆಯ ನೋಟ್‌ಬುಕ್ಕಿನ ಹಿಂಬದಿಯ ರಟ್ಟು, ಬ್ಲೇಡಿನಿಂದ ಕೊಯ್ದದ್ದು. ಎಳೆಗೆ ಅಡ್ಡವಾಗಿ ಮಡಿಚಿದ್ದರಿಂದ ಬೆನ್ನು ಬಿರಿದಿತ್ತು. ಮುಖದ ಮೇಲೆ ಕೆಮ್ಮಣ್ಣು ಬಳಿದು, ಅಂಚಿಗೆ ಬಿಳಿ ಗೆರೆಗಳು. ಅಂದು ನಾನು ಅದನ್ನು ಗೀಚಿದ ಗೆರೆ ಎಂದುಕೊಂಡೆ. ಊರಿಗೆ ಹೊಸಬಳು, ಚಿತ್ತಾರ ಎಂಬುದನ್ನು ಕಂಡಿರಲಿಲ್ಲ. ಎಷ್ಟೋ ವರ್ಷದ ಮೇಲೆ ಒಂದು ಭೂಮಣ್ಣಿ ಬುಟ್ಟಿಯನ್ನು ಹತ್ತಿರದಿಂದ ನೋಡಿದಾಗ ಎದೆ ಧಸಕ್ಕೆಂದಿತು. ಇದೇ ಸಾಲು, ಇದೇ ಏಣಿಯಂಥ ಗೆರೆ. ಹಬ್ಬಕ್ಕೆ ಇನ್ನೂ ತಿಂಗಳಿರುವಾಗಲೇ ಅವನು ಅಕ್ಕಿ ಅರೆದಿದ್ದನೋ, ಅವ್ವನ ಹತ್ತಿರ ಕೇಳಿ ಬರೆಸಿದ್ದನೋ. ಗೆರೆಗಳು ಅಲ್ಲಲ್ಲಿ ನಡುಗಿದ್ದವು, ಹಾಗಾಗಿ ಅವನೇ ಬರೆದದ್ದಿರಬೇಕು ಎಂದು ಈಗ ಅನ್ನಿಸುತ್ತದೆ.

ಒಳಗೆ ಒಂದು ಕಪ್ಪು ಕೊಡೆ. ಕೊಡೆಯ ಕೆಳಗೆ ಮುಖವಿಲ್ಲ, ಸೀರೆಯ ಅಂಚು, ಎರಡು ಚಪ್ಪಲಿ. ಕೊಡೆಯ ಒಂದು ಕಡ್ಡಿ ಬಟ್ಟೆ ಬಿಟ್ಟು ಹೊರಗೆ ಚಾಚಿತ್ತು. ಆ ವರ್ಷ ನನ್ನ ಕೊಡೆಯ ಒಂದು ಕಡ್ಡಿ ನಿಜವಾಗಿಯೂ ಮುರಿದಿತ್ತು, ರಿಪೇರಿಗೆ ಕೊಡಲು ಮಳೆ ಬಿಡುತ್ತಿರಲಿಲ್ಲ. ಪಕ್ಕದಲ್ಲಿ ಪುಟ್ಟದೊಂದು ಬಸ್ಸು. ಬಸ್ಸಿಳಿದು ನಾನು ಸ್ಕೂಲಿನವರೆಗೆ ನಡೆಯುತ್ತಿದ್ದ ಮುಕ್ಕಾಲು ಮೈಲಿಯನ್ನು ಯಾರೋ ನೋಡುತ್ತಿದ್ದರು ಎಂದು ನನಗೆ ಗೊತ್ತೇ ಇರಲಿಲ್ಲ. ಕೆಳಗೆ ಎರಡು ಸಾಲು: 'ಟೀಚರ್‌ಗೆ ಶುಭಾಷಯಗಳು. ಮಳೆ ಬಂದರೂ ನೀವು ಬರ್ತೀರಿ.'

ದೋಷಗಳಿವೆ. ಮಣ್ಣಿಗೆ ಅಂಟು ಸೇರಿಸದೆ ಬಳಿದದ್ದರಿಂದ ನನ್ನ ಮೇಜಿನ ತುಂಬ ಕೆಂಪು ಹುಡಿ ಉದುರಿತ್ತು. ಕೊಡೆಗೆ ಹೋಲಿಸಿದರೆ ಬಸ್ಸು ತೀರ ಚಿಕ್ಕದು. ಉಳಿದಂತೆ, ಆ ಕಾರ್ಡನ್ನು ಇನ್ನೊಬ್ಬ ಟೀಚರಿಗೆ ಕೊಡಲು ಬರುತ್ತಿರಲಿಲ್ಲ. ಅದರಲ್ಲಿ ಎರವಲು ತಂದ ಮಾತು ಒಂದೂ ಇಲ್ಲ. 'ಬರ್ತೀರಿ' ಎಂಬುದು 'ಬರುತ್ತೀರಿ'ಗಿಂತ ಮೇಲು, ಯಾಕೆಂದರೆ ಅವನು ಮಾತಾಡುತ್ತಿದ್ದದ್ದೇ ಹಾಗೆ. ಇವತ್ತಿನವರೆಗೆ ನನಗೆ ಬಂದ ಶುಭಾಶಯಗಳಲ್ಲಿ, ಈಗ ದಿನ ಬೆಳಗಾದರೆ ಮೊಬೈಲಿಗೆ ಬಂದು ಬೀಳುವ ಹೂಗುಚ್ಛಗಳನ್ನೆಲ್ಲ ಸೇರಿಸಿ ಹೇಳುತ್ತೇನೆ, ಅದಕ್ಕಿಂತ ಒಳ್ಳೆಯದು ಬಂದಿಲ್ಲ. 'ಷ' ತಪ್ಪೇ. ತಪ್ಪಲ್ಲ ಎಂದು ಈಗಲೂ ಹೇಳುವುದಿಲ್ಲ. ಮುಂದಿನ ಪೀರಿಯಡ್ಡಿನಲ್ಲಿ ಬೋರ್ಡಿನ ಮೇಲೆ ಇಡೀ ತರಗತಿಗೆ ಹೇಳಿಕೊಡಬಹುದಿತ್ತು.

ಆ ಹುಡುಗ ಈಗ ನಲವತ್ತು ದಾಟಿದ ಯಜಮಾನ. ಪೇಟೆಯಲ್ಲಿ ಡಿಟಿಪಿ, ಫ್ಲೆಕ್ಸ್ ಬ್ಯಾನರಿನ ಅಂಗಡಿ ಇಟ್ಟಿದ್ದಾನೆ. 2023ರಲ್ಲಿ ನಮ್ಮ ಸ್ಕೂಲಿನ ವಾರ್ಷಿಕೋತ್ಸವಕ್ಕೆ ಬ್ಯಾನರ್ ಬರೆಸಲು ಹೋದಾಗ, ಎದ್ದು ನಿಂತು ಕುರ್ಚಿ ಕೊಟ್ಟ, ಟೀ ತರಿಸಿದ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪರದೆಯನ್ನು ನನ್ನ ಕಡೆ ತಿರುಗಿಸಿದ.

"ಒಂದ್ಸಲ ನೋಡ್ಬಿಡಿ ಟೀಚರ್. ಶ ಸರಿ ಇದ್ಯಾ?"

ಸರಿ ಇತ್ತು. "ಬೇರೆ ಅಂಗಡೀಲಿ ಎಲ್ಲ ಷ ಹಾಕ್ತಾರೆ, ನನ್ನಲ್ಲಿ ಮಾತ್ರ ಒಂದು ಬ್ಯಾನರೂ ಹಂಗೆ ಹೋಗಿಲ್ಲ. ಹುಡುಗ್ರಿಗೂ ಹೇಳಿಟ್ಟಿದೀನಿ, ನಮ್ಮ ಟೀಚರ್ ಹತ್ತು ಸಲ ಬರೆಸಿದ್ರು ಅಂತ" ಎಂದು ನಕ್ಕ. ಕಹಿ ಇರಲಿಲ್ಲ, ನಿಜವಾಗಿಯೂ ಹೆಮ್ಮೆಯಿಂದಲೇ ಹೇಳುತ್ತಿದ್ದ. ನಾನು ಟೀ ಲೋಟ ಕೆಳಗಿಟ್ಟು, "ಆ ಕಾರ್ಡು ಏನು ಮಾಡಿದೆಯೋ?" ಎಂದು ಕೇಳಿದೆ.

"ಯಾವ ಕಾರ್ಡು ಟೀಚರ್?"

ಕೊಡೆ, ಬಸ್ಸು, ಕೆಮ್ಮಣ್ಣು ಎಂದೆಲ್ಲ ಹೇಳಿದೆ. ಅವನು ಹುಬ್ಬು ಗಂಟಿಕ್ಕಿ ಯೋಚಿಸಿದ. ನೆನಪಿಲ್ಲ ಎಂದ. ನೋಟ್‌ಬುಕ್ಕಿನಲ್ಲಿ ಬರೆದ ತಪ್ಪಿಗೆ ಶಿಕ್ಷೆ ಕೊಟ್ಟಿದ್ದು ಎಂದೇ ಇಷ್ಟು ವರ್ಷ ಅಂದುಕೊಂಡಿದ್ದನಂತೆ.

ಈ ಸಲ ಅವನಿಗೊಂದು ಕಾರ್ಡು ಮಾಡಲು ಕೂತಿದ್ದೇನೆ. ಸಾಗರ ಪೇಟೆಯಲ್ಲಿ ದಪ್ಪ ಹಾಳೆ ತಂದು, ಎಳೆ ನೋಡಿ ಮಡಿಚಿ ಇಟ್ಟಾಗಿದೆ. ಕೆಮ್ಮಣ್ಣನ್ನು ಬಟ್ಟೆಯಲ್ಲಿ ಸೋಸಿ ಸ್ವಲ್ಪ ಗೋಂದು ಬೆರೆಸಿದೆ, ಉದುರುತ್ತಿಲ್ಲ. ಕೊಡೆ ಮಾತ್ರ ಬರೆಯಲು ಬರುತ್ತಿಲ್ಲ. ಮೂರು ಹಾಳೆ ಹಾಳಾದವು. ಆ ಮುರಿದ ಕಡ್ಡಿ ಎಡಕ್ಕಿತ್ತೋ ಬಲಕ್ಕಿತ್ತೋ, ಅದೂ ಸರಿಯಾಗಿ ನೆನಪಾಗುತ್ತಿಲ್ಲ.